ಗೋಧಿ ತಿನ್ನಿಸಿ, ಶಕ್ತಿ ಬರ್ತದೆ

ಮನೆಯಲ್ಲೊಂದು ಸೊರಗಿದ ಮಗುವಿದ್ದರೆ ಊರಿಗೆ ಊರೇ ವೈದ್ಯರಾಗಿಬಿಡುತ್ತದೆ. ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಹೊಸತರಲ್ಲಿ ಸಿದ್ದಾಪುರ, ಆಮೇಲೆ ಯಲ್ಲಾಪುರ, ಕಡೆಗೆ ಶಿರಸಿ ಎಂದು ವರ್ಗವಾಗುತ್ತ ಹೋದೆ. ಮೊದಲಿನ ಎರಡೂ ಊರುಗಳಿಗೆ ಕಡ್ಡಿಯಂಥ ಕೈಕಾಲು, ಗುಡಾಣದಂಥ ಹೊಟ್ಟೆಯ ಮಗಳನ್ನು ಎತ್ತಿಕೊಂಡು ಹೋದೆ. ಐದು ವರ್ಷ ಅವಳಿಗೆ ಏನಾಗಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಗೊತ್ತಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ಈಗ ಈ ಕತೆ ಹೇಳಿದರೆ ಜನ ನಗುತ್ತಾರೆ. ನಗಲಿ. ನನಗಂತೂ ಇನ್ನೂ ಮೈ ಉರಿಯುತ್ತದೆ.

ಹರಕೆ

ಸಿದ್ದಾಪುರದಲ್ಲಿ ರೋಗವನ್ನು ಮೊದಲು ಕಂಡುಹಿಡಿದವರು ನಮ್ಮ ಅತ್ತೆ. "ಕೂಸಿಗೆ ದೃಷ್ಟಿ ಆಜು" ಎಂದವರೇ ದೇವರಿಗೆ ಹರಕೆ ಹೊತ್ತರು: ಸೋಮವಾರ ಮಗು ಅನ್ನ ಮುಟ್ಟುವುದಿಲ್ಲ. ಅನ್ನ ಬಿಟ್ಟರೆ ಒಪ್ಪತ್ತಿಗೆ ಇನ್ನೇನು? ಅದುವರೆಗೆ ಆಗೀಗ ತಿಂಡಿಗಿದ್ದ ಗೋಧಿರವೆಯ ಉಪ್ಪಿಟ್ಟು.

ಸೋಮವಾರ ಉಪ್ಪಿಟ್ಟು ತಿಂದ ಮಗು ಮಂಗಳವಾರ ಬೆಳಗಾದರೆ ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡುತ್ತಿತ್ತು. ನಾಲ್ಕು ವಾರ ಇದನ್ನು ನೋಡಿದ ಅತ್ತೆಗೆ ಎಲ್ಲ ಅರ್ಥವಾಯಿತು.

"ಎಂತ ಗೊತ್ತಿದ್ದಾ? ಮಂಗಳವಾರನೇ ಕೂಸಿಗೆ ಆಗ್ತಿಲ್ಲೆ!"

ಮಂಗಳವಾರಕ್ಕೂ ಒಪ್ಪತ್ತು ಬಿತ್ತು. ಆಗ ಬುಧವಾರ ಕೆಟ್ಟಿತು. ಬುಧವಾರಕ್ಕೂ ಉಪ್ಪಿಟ್ಟು ಮಾಡಿದೆವು. ವಾರಕ್ಕೆ ಏಳೇ ದಿನ ಇರುವುದು ನನ್ನ ಮಗಳ ಪುಣ್ಯ.

ಡಾಕ್ಟರ್ ಯಾರು

ಶಿರಸಿಯಲ್ಲಿ ದೊಡ್ಡ ಹೆಸರಿನ ಡಾಕ್ಟರರೊಬ್ಬರಿದ್ದರು. ಯಲ್ಲಾಪುರಕ್ಕೆ ವರ್ಗವಾದ ಮೇಲೆ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಅವರಲ್ಲಿಗೆ ಹೋದೆ. ಅವರು ಮಗುವನ್ನು ಸರಿಯಾಗಿ ನೋಡಲೇ ಇಲ್ಲ, ನನ್ನನ್ನೇ ನೋಡಿದರು.

"ಅಕ್ಕೋರೇ, ಊರ ಮಕ್ಕಳಿಗೆಲ್ಲ ಪಾಠ ಹೇಳ್ತೀರಿ. ಹೆತ್ತ ಮಗುವಿಗೆ ಹೊಟ್ಟೆ ತುಂಬ ಹಾಕೋದಿಲ್ವಾ?"

"ಹಾಕ್ತೇನೆ. ತಿಂದದ್ದು ಮೈಗೆ ಹತ್ತೋದಿಲ್ಲ."

"ಹೇಗೆ ಹತ್ತಬೇಕು? ಈ ಕಡೆಯವರದ್ದು ಬರೀ ಅನ್ನ! ಅನ್ನದಲ್ಲಿ ಏನಿದೆ? ಬ್ರೆಡ್ಡು ಕೊಡಿ, ಬಿಸ್ಕೀಟು ಕೊಡಿ, ಗೋಧಿ ಗಂಜಿ ಕೊಡಿ. ಶಕ್ತಿ ಬರ್ತದೆ."

ಕೊಟ್ಟೆ. ಎರಡು ತಿಂಗಳಿಗೆ ಮಗು ಇನ್ನೂ ಇಳಿದುಹೋಯಿತು. ಮತ್ತೆ ಹೋದೆ. "ಗೋಧಿ ಸಾಲಲಿಲ್ಲ. ಎರಡರಷ್ಟು ಮಾಡಿ" ಎಂದರು.

"ಅದನ್ನು ತಿಂದ ಮೇಲೇ ಹೆಚ್ಚಾದ ಹಾಗೆ ಕಾಣ್ತದಲ್ಲ?" ಎಂದೆ.

"ಡಾಕ್ಟರ್ ನಾನೋ ನೀವೋ?"

ಇಬ್ಬರೂ ಅಲ್ಲ ಎನ್ನಬೇಕಿತ್ತು. ಬರುವ ದಾರಿಯಲ್ಲಿ ಎರಡರಷ್ಟು ಬ್ರೆಡ್ಡು ಕೊಂಡುಕೊಂಡು ಬಂದೆ.

ಪಕ್ಕದ ಮನೆಯ ಕರು

ಕಾಯಿಲೆಯವರನ್ನು ನೋಡಲು ಬರಿಗೈಲಿ ಹೋಗಬಾರದಂತೆ. ಯಲ್ಲಾಪುರದ ನಮ್ಮ ಬಿಡಾರಕ್ಕೆ ಬಂದವರೆಲ್ಲ ಬ್ರೆಡ್ಡು, ಬಿಸ್ಕೀಟು ಹಿಡಿದುಕೊಂಡೇ ಬಂದರು. ಒಂದು ದಿನ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕೂಗಿದರು.

"ಅಕ್ಕೋರೇ, ನಮ್ಮ ಬಡಕಲು ಕರು ಎಷ್ಟು ಗುಂಡಗಾಗಿದೆ ನೋಡಿ! ಹುಲ್ಲು ಹಾಕಿದ್ರೆ ಮೂಸೋದೂ ಇಲ್ಲ."

ಹೋಗಿ ನೋಡಿದರೆ ನನ್ನ ಮಗಳು ಲಂಗದಲ್ಲಿ ಬ್ರೆಡ್ಡು ಕಟ್ಟಿಕೊಂಡು ಹೋಗಿ ಒಂದೊಂದೇ ಚೂರು ಕರುವಿನ ಬಾಯಿಗಿಡುತ್ತಿದ್ದಳು.

"ಯಂಗೆ ಬ್ಯಾಡ ಆಯಿ. ತಿಂದ್ರೆ ಹೊಟ್ಟೆ ನೋಯ್ತು."

ಅಷ್ಟು ವರ್ಷಗಳಲ್ಲಿ ಸರಿಯಾದ ಮಾತು ಹೇಳಿದವಳು ಅವಳೊಬ್ಬಳೇ. ನಾನು ಏನು ಮಾಡಿದೆ? ಬೆನ್ನಿಗೆ ಎರಡು ಬಾರಿಸಿ, ಎದುರಿಗೆ ಕೂರಿಸಿಕೊಂಡು ಬ್ರೆಡ್ಡು ತಿನ್ನಿಸಿದೆ. ಡಾಕ್ಟರರ ಮೇಲಿನ ಸಿಟ್ಟನ್ನಾದರೂ ಯಾರೆದುರಿಗಾದರೂ ಹೇಳಿಕೊಳ್ಳಬಹುದು, ಇದನ್ನು ಯಾರಿಗೆ ಹೇಳಲಿ? ಇಡೀ ಯಲ್ಲಾಪುರದಲ್ಲಿ ಅವರ ಮದ್ದಿನಿಂದ ಮೈ ಹಿಡಿದದ್ದು ಆ ಕರು ಒಂದೇ.

ಯಾವ ಊರಿನ ಅಕ್ಕ

ಮಗಳಿಗೆ ಏಳು ತುಂಬಿತು. ಕಂಡವರು ನಾಲ್ಕು ಎನ್ನುತ್ತಿದ್ದರು. ನಡೆಯಲೂ ತ್ರಾಣವಿಲ್ಲ. ಇವಳು ನಮಗೆ ದಕ್ಕುವುದಿಲ್ಲ ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಹುಬ್ಬಳ್ಳಿಗೆ ಹೊತ್ತುಕೊಂಡು ಹೋದೆವು. ಅಲ್ಲಿ ವಿಲಾಯತಿಯಲ್ಲಿ ಓದಿ ಬಂದ ಹೊಸ ಡಾಕ್ಟರರೊಬ್ಬರಿದ್ದರು.

"ಕೂಸು ಏನೇನ್ ತಿಂತದ ರೀ?" ಎಂದು ಕೇಳಿದರು. ಅಲ್ಲಿಯ ತನಕ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ! ನಾನು ಪಟ್ಟಿ ಹೇಳುತ್ತ ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಅವರು ಪೆನ್ನು ಕೆಳಗಿಟ್ಟರು.

"ಇಷ್ಟು ಗೋಧಿ ಹುಬ್ಬಳ್ಳಿಯವ್ರು ನಾವ ತಿನ್ನಂಗಿಲ್ರೀ. ಈಕೀಗೆ ಗೋಧೀನ ವಿಷ. ಇವತ್ತ ಬಿಡಸ್ರಿ, ಅನ್ನಾ ಹಾಕ್ರಿ."

ರೋಗದ ಹೆಸರು ಸೀಲಿಯಾಕ್ ಎಂದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು ಅತ್ತೆಗೆ ಹೇಳಿದೆ. ಅವರು ಸೆರಗು ಬಿಗಿದು ಎದ್ದು ನಿಂತರು.

"ಸೀಲಿಯಕ್ಕನ? ಯಾವ ಊರಿನ ಅಕ್ಕನೇ ಅದು? ನಮ್ಮ ಕೂಸಿಗೆ ಎಂತಕ್ಕೆ ಮಾಟ ಮಾಡ್ಸಿದ್ದು?"

ಭೇದ

ಅನ್ನ ಉಂಡು ಉಂಡು ಮಗಳಿಗೆ ಕೆನ್ನೆ ಬಂತು, ಕಾಲು ಬಂತು, ಎದುರುತ್ತರ ಬಂತು. ಅಷ್ಟರಲ್ಲಿ ನನಗೆ ಶಿರಸಿಗೆ ವರ್ಗವಾಯಿತು. ಒಂದು ದಿನ ಮಕ್ಕಳ ತಪಾಸಣೆಗೆಂದು ನಮ್ಮ ಶಾಲೆಗೆ, ಗೋಧಿ ಎರಡರಷ್ಟು ಮಾಡಿ ಎಂದಿದ್ದ ಅದೇ ಡಾಕ್ಟರರು ಬಂದರು. ಸಾಲಿನಲ್ಲಿ ನಿಂತಿದ್ದ ನನ್ನ ಮಗಳನ್ನು ತೋರಿಸಿ ಹೆಡ್ ಮಾಸ್ತರರು "ಇದು ನಮ್ಮ ಅಕ್ಕೋರ ಮಗಳು" ಎಂದರು.

ಡಾಕ್ಟರರು ಅವಳ ಕೆನ್ನೆ ಹಿಂಡಿದರು. "ಓಹೋ, ಇದು ದೊಡ್ಡವಳೋ! ಮಕ್ಕಳು ಅಂದ್ರೆ ಹೀಗಿರ್ಬೇಕು." ಆಮೇಲೆ ನನ್ನ ಕಡೆ ತಿರುಗಿ, ಎಲ್ಲರೆದುರಿಗೇ ಬುದ್ಧಿ ಹೇಳತೊಡಗಿದರು.

"ಅಕ್ಕೋರೇ, ಸಿಟ್ಟು ಮಾಡ್ಬೇಡಿ. ಇವಳಿಗೆ ಗೋಧಿ ತಿನ್ನಿಸಿ ಹೀಗೆ ಬೆಳೆಸಿದ್ದೀರಿ. ಆ ಸಣ್ಣದನ್ನ ಮಾತ್ರ ಉಪವಾಸ ಕೆಡವಿದ್ರಿ. ಹೆತ್ತ ಮಕ್ಕಳಲ್ಲಿ ಭೇದ ಮಾಡಬಾರದು."

"ನನಗಿರೋದು ಒಬ್ಬಳೇ ಮಗಳು, ಡಾಕ್ಟ್ರೇ."

ಅವರು ಅವಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ಹಾಗಾದ್ರೆ ಆ ಸಣ್ಣದು ಯಾರದ್ದು?"

"ಅದು ನಿಮ್ಮ ಗೋಧಿಯದ್ದು" ಎಂದೆ. "ಇದು ನಮ್ಮನೆ ಅನ್ನದ್ದು."