ಎರಡು ಇಂಚು ಕಮ್ಮಿ ಹೊಲೀರಿ

ಹಬ್ಬ ಹತ್ತಿರ ಬಂತು ಅಂದರೆ ನನ್ನ ಅಂಗಡಿಗೆ ಬರುವ ಹೆಂಗಸರ ಮೈಯಳತೆ ಒಂದಿರುತ್ತದೆ, ಬಾಯಿಂದ ಹೇಳುವ ಅಳತೆ ಇನ್ನೊಂದಿರುತ್ತದೆ. ಶಹಾಪುರದ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಜಂಪರ್, ರವಿಕೆ ಹೊಲಿಯುತ್ತ ನನ್ನ ಕೂದಲು ಬೆಳ್ಳಗಾದವು. ಪ್ರತಿ ಸಲವೂ ಇದೇ ಜಗಳ. "ಜರಾ ಟೇಪು ಬಿಗಿ ಹಿಡೀರಿ" ಅನ್ನುತ್ತಾರೆ. ಉಸಿರು ಒಳಗೆ ಎಳೆದುಕೊಂಡು "ಈಗ ನೋಡ್ರಿ" ಅನ್ನುತ್ತಾರೆ. ಒಬ್ಬಾಕೆಯಂತೂ ನಿಮ್ಮ ಟೇಪು ಮಳೆಯಲ್ಲಿ ನೆನೆದು ಕುಗ್ಗಿದೆ, ಬೇರೆ ತರಿಸಿ ಅಂತ ಹಟ ಹಿಡಿದಿದ್ದಳು. ಇವೆಲ್ಲ ನಕ್ಕು ಮರೆಯುವಂಥವು. ಆದರೆ ಕಳೆದ ದೀಪಾವಳಿಗೆ ಮುಂಚೆ ಒಬ್ಬರು ಟೀಚರ್ ನನ್ನನ್ನು ಹಿಡಿದು ಅಲ್ಲಾಡಿಸಿದ್ದನ್ನು ಮಾತ್ರ ಮರೆಯಲಾರೆ.

೧. ಅವ್ವನ ಖಣ

ಆ ಟೀಚರ್ ನಮ್ಮ ಓಣಿಯವರೇ. ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಾರೆ. ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಸಂಜೆ ಬಂದು, ಕಾಗದದ ಪೊಟ್ಟಣ ಬಿಚ್ಚಿ ಒಂದು ಜಂಪರಿನ ಖಣ ಹೊರಗೆ ತೆಗೆದರು. ದಾಳಿಂಬೆ ಬಣ್ಣ, ರೇಷ್ಮೆಯ ದಡಿ. ಅವರ ತೀರಿಹೋದ ಅವ್ವ ಪೆಟ್ಟಿಗೆಯಲ್ಲಿ ಕಾದಿಟ್ಟು ಮಗಳಿಗೆ ಕೊಟ್ಟದ್ದಂತೆ. ಅಂಥ ನೇಯ್ಗೆ ಈಗ ಹುಡುಕಿದರೂ ಸಿಗದು.

ನಾನು ಅಳತೆ ತೆಗೆದು ಇಂಚು ಹೇಳಿದೆ. ಟೀಚರ್ ಕೇಳಿಸಿಕೊಂಡು, "ಎರಡು ಇಂಚು ಕಮ್ಮಿ ಹೊಲೀರಿ" ಅಂದರು.

"ಯಾಕ್ರಿ?"

"ದೀಪಾವಳಿ ಅನ್ನೋದ್ರಾಗ ನಾ ಇಳಿದಿರ್ತೀನಿ."

ಆಮೇಲೆ ಕುರ್ಚಿಯಲ್ಲಿ ಕೂತು ನಡೆದದ್ದು ಹೇಳಿದರು. ನಾಗರ ಪಂಚಮಿಗೆ ಯಾದಗಿರಿಗೆ, ತಮ್ಮನ ಮನೆಗೆ ಹೋಗಿದ್ದರು. ಅಲ್ಲಿ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಇವರು ಸೀರೆ ಸಾವರಿಸಿಕೊಂಡು ಇನ್ನೇನು ಕೂಡಬೇಕು, ತಮ್ಮ ದೂರದಿಂದ ಕೂಗಿದ: "ಅಕ್ಕಾ, ನಿಂದ್ರು ನಿಂದ್ರು! ಹಗ್ಗ ಬದಲಿಸ್ತೀನಿ!" ನೆರೆದವರೆಲ್ಲ ನಕ್ಕರು. ಟೀಚರ್ ಕೂಡ ನಕ್ಕರು. ಆದರೆ ಜೋಕಾಲಿ ಮೇಲೆ ಕೂಡಲಿಲ್ಲ. ಹುಟ್ಟಿದಾಗಿನಿಂದ ಪಂಚಮಿಗೆ ಜೋಕಾಲಿ ಆಡದೆ ಬಂದದ್ದು ಅದೇ ಮೊದಲಂತೆ.

"ದೀಪಾವಳಿಗಿ ಅವನ ಹತ್ತಿ ಮಾರೋ ಅಡತಿ ಅಂಗಡ್ಯಾಗ ಲಕ್ಷ್ಮೀ ಪೂಜಾ. ಅವತ್ತೇ ಅವನಿಗಿ ಆರತಿ ಮಾಡಬೇಕು. ಇದೇ ಖಣದ ಜಂಪರ್ ಹಾಕ್ಕೊಂಡು ಅವನ ಮುಂದ ನಿಂದ್ರಬೇಕು ನಾ."

"ಆತ್ರಿ. ಒಳಗ ಒಂದಿಷ್ಟು ಅರಿವಿ ಮಡಚಿ ಇಡ್ತೀನಿ. ಬೇಕಾದ್ರ ಬಿಚ್ಚಬಹುದು."

"ಬ್ಯಾಡ. ಹಿಂದಕ್ಕ ಬರೋ ದಾರಿ ಇಟ್ರ ನಾ ಹಿಂದಕ್ಕೇ ಬರ್ತೀನಿ. ಈಗೇ, ನನ್ನ ಕಣ್ಣ ಮುಂದೇ ಕತ್ತರಸ್ರಿ."

ತೀರಿಹೋದವರ ಖಣ, ಇಲ್ಲದ ಅಳತೆ. ಕಣ್ಣು ಮುಚ್ಚಿ ದೇವರನ್ನು ನೆನೆದು ಕತ್ತರಿ ಹಾಕಿದೆ. ತುಂಡು ಟೇಬಲ್ ಮೇಲೆ ಬಿದ್ದ ಮರುಗಳಿಗೆಗೆ ಟೀಚರ್ ಕೇಳಿದರು: "ಅಲ್ರಿ ಅಕ್ಕಾ, ಒಂದು ವ್ಯಾಳೆ ಇಳೀಲಿಲ್ಲಂದ್ರ?"

೨. ನಿಂಬೆ ನೀರು

ಅವತ್ತಿನಿಂದ ಟೀಚರ್ ಮೈಯ ಚಿಂತೆ ಅವರಿಗಿಂತ ನನಗೇ ಹೆಚ್ಚಾಯಿತು. ಅವರು ಮಿರ್ಚಿ ಬಜಿ ಅಂಗಡಿ ಕಡೆ ಹೊರಳಿದರೆ ನನ್ನ ಮಷಿನ್ ತಾನೇ ನಿಲ್ಲುತ್ತಿತ್ತು. ಆದರೆ ಅವರು ಏನೂ ತಿನ್ನುತ್ತಿರಲಿಲ್ಲ. ಅದೇ ಕಂಟಕವಾಯಿತು.

ಕಚ್ಚಾ ಹೊಲಿಗೆ ಹಾಕಿ, ತೊಡಿಸಿ ನೋಡಲು ಒಂದು ದಿನ ಕರೆದಿದ್ದೆ. ತೋಳಿನ ಹತ್ತಿರ ಟಾಚಣಿ ಪಿನ್ನು ಚುಚ್ಚುತ್ತಿದ್ದೆ. "ಅಕ್ಕಾ, ನಿಮ್ಮ ಫ್ಯಾನು ತಿರುಗಾಕತ್ತದೋ, ಅಂಗಡೀನೇ ತಿರುಗಾಕತ್ತದೋ?" ಅಂದರು ಟೀಚರ್. ಕರೆಂಟ್ ಹೋಗಿತ್ತು, ಫ್ಯಾನು ನಿಂತಿತ್ತು. ನಾನು ಮೇಲೆ ನೋಡಿ ಕೆಳಗೆ ನೋಡುವಷ್ಟರಲ್ಲಿ ಟೀಚರ್ ಗಿರಾಕಿಗಳ ಬಟ್ಟೆ ಗುಡ್ಡೆಯ ಮೇಲೆ ಬಿದ್ದಿದ್ದರು. ಮುಖ ಬಿಳಿಚಿಕೊಂಡಿತ್ತು. ಮೈತುಂಬ ಟಾಚಣಿ. ಎತ್ತಲೂ ಭಯ, ಬಿಡಲೂ ಭಯ. ಚೀರಿಕೊಂಡೆ. ಓಣಿಯವರು ಓಡಿ ಬಂದರು. ನೀರು ಚಿಮುಕಿಸಿ, ಟಾಚಣಿ ಒಂದೊಂದೇ ಕಿತ್ತು, ಆಟೋ ಹತ್ತಿಸಿ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಅವರ ಅಂಗೈ ತಿಕ್ಕುತ್ತ ಕೂತೆ.

ಡಾಕ್ಟರಮ್ಮ ಬಿ.ಪಿ. ನೋಡಿ, ರಕ್ತ ತೆಗೆಸಿ, ಸಲೈನ್ ಹಚ್ಚಿ ಕೇಳಿದರು: "ಮುಂಜಾನಿ ಏನು ತಿಂದೀರಿ?"

"ನಿಂಬಿ ನೀರು."

"ನಿನ್ನೆ?"

"ನಿಂಬಿ ನೀರು."

"ಮೊನ್ನೆ?"

ಟೀಚರ್ ಸ್ವಲ್ಪ ಯೋಚಿಸಿ, "ಮೊನ್ನೆ ಹಾಗಲಕಾಯಿ ರಸ ಕುಡದೀನ್ರಿ. ದಿನಾ ಒಂದೇ ಅಂದ್ರ ಬಾಯಿಗಿ ಬ್ಯಾಸರ ಬರ್ತದ" ಅಂದರು.

ಡಾಕ್ಟರಮ್ಮ ಗದರಿಸಿದರು. ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದು ನಿಂತಿದೆ, ತೂಕ ಇಳಿಸುವುದು ಖರೇನೇ ಬೇಕು, ಆದರೆ ಹೀಗಲ್ಲ ಅಂದರು. "ಹೊತ್ತೊತ್ತಿಗಿ ಉಣ್ರಿ. ಜೋಳದ ರೊಟ್ಟಿ, ಕಾಯಿಪಲ್ಲೆ, ಹೆಸರಕಾಳು, ಮಜ್ಜಿಗಿ. ಕರದದ್ದು, ಸಿಹಿ ಕಮ್ಮಿ ಮಾಡ್ರಿ. ಚಹಾದಾಗ ಸಕ್ಕರಿ ಬಿಡ್ರಿ. ದಿನಾ ನಡೀರಿ. ಸಾವಕಾಶ ಇಳಿದದ್ದೇ ನಿಲ್ತದ."

ಟೀಚರ್ ತಲೆಯಾಡಿಸಿದರು. ನಾನೂ ಜೋರಾಗಿ ತಲೆಯಾಡಿಸಿ, "ನಾನೂ ಇದ್ನೇ ಹೇಳಿದ್ನಿರಿ" ಅಂದೆ. ಡಾಕ್ಟರಮ್ಮ ಆಗ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, "ನೀವು ಒಂದಿಷ್ಟು ಈ ತೂಕದ ಕಾಟಾ ಮ್ಯಾಲ ನಿಂದ್ರರಿ" ಅಂದರು.

"ನಾ ಪೇಶೆಂಟ್ ಅಲ್ಲರಿ, ಬರೇ ಜೊತಿಗಿ ಬಂದೀನಿ!"

ಮುಳ್ಳು ನೋಡಿ ಡಾಕ್ಟರಮ್ಮ ಅಂದರು: "ವಾಕಿಂಗ್‌ಗೂ ಜೊತಿಗೇ ಹೋಗ್ರಿ."

೩. ಕಾಲುವೆ ದಂಡೆ

ಮುಂಜಾನೆ ಕಾಲುವೆ ದಂಡೆಗುಂಟ ನಡೆಯುವುದು ಅಂತ ಠರಾವಾಯಿತು. ಒಂದು ಕಡೆ ಭತ್ತದ ಗದ್ದೆ, ಇನ್ನೊಂದು ಕಡೆ ದೂರದಲ್ಲಿ ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡ. ಟೀಚರ್ ಅದನ್ನು ನೋಡಿ, "ಆರಾಮ ಮಲಗ್ಯಾನ ನೋಡ್ರಿ" ಅಂತ ದಿನಾ ಹೊಟ್ಟೆಕಿಚ್ಚು ಪಡುತ್ತಿದ್ದರು.

ನಮ್ಮ ಕಡೆ ಕೆಲಸವಿಲ್ಲದೆ ನಡೆಯುವ ಹೆಂಗಸರನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. "ಬಸ್ ತಪ್ಪಿತೇನ್ರಿ?" "ಮನ್ಯಾಗ ಜಗಳ ಆತೇನು?" "ಹತ್ರಿ ಗಾಡಿ, ಊರತನಕ ಬಿಡ್ತೀನಿ." ಪಕ್ಕದ ಸಗರದ ಕಡೆಯಿಂದ ಹಾಲು ತರುವವನಂತೂ ನಾವು ಗಾಡಿ ಹತ್ತಲಿಲ್ಲ ಅಂತ ಸಿಟ್ಟಾಗಿ ಮಾತು ಬಿಟ್ಟ.

ದಸರೆ ಹತ್ತಿರ ಬಂದಿತ್ತು. ಒಂದು ಮುಂಜಾನೆ ಎದುರಿಗೆ ಕುರಿ ಹಿಂಡು ಬಂತು. ನಾವು ಬದಿಗೆ ಸರಿದೆವು. ಹಿಂಡಿನಿಂದ ಒಂದು ಟಗರು ಹೊರಗೆ ಬಂತು. ಕರಿ ಮೈ, ಸುರುಳಿ ಕೊಂಬು. ನಮ್ಮನ್ನು ನೋಡಿ ನಿಂತಿತು, ತಲೆ ತಗ್ಗಿಸಿತು, ಕಾಲಿನಿಂದ ಮಣ್ಣು ಕೆದರಿತು.

"ಅಕ್ಕಾ," ಟೀಚರ್ ಪಿಸುಗುಟ್ಟಿದರು, "ಓಡೋಣೇನು?"

"ಓಡಿದ್ರ ಬೆನ್ನು ಹತ್ತತದ್ರಿ."

"ನಿಂತ್ರ?"

"ನಿಂತ್ರ ಹಾಯತದ."

ಎಡಕ್ಕೆ ಕಾಲುವೆ ತುಂಬಿ ಹರಿಯುತ್ತಿತ್ತು, ಬಲಕ್ಕೆ ಮುಳ್ಳಿನ ಬೇಲಿ. ಟಗರು ಒಂದು ಹೆಜ್ಜೆ ಇಟ್ಟಿತು. ಅಷ್ಟೇ. ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತದೆ ಅನ್ನುತ್ತಿದ್ದ ಟೀಚರ್ ಸೀರೆ ಎತ್ತಿಕೊಂಡು ಓಡಿದ್ದು ನೋಡಿದ್ದರೆ ಶಾಲೆಯ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಓಡಿದೆ. ಹಿಂದೆ ಗೊರಸಿನ ಸಪ್ಪಳ. ಅದರ ಹಿಂದೆ ಕುರುಬರ ಮುದುಕ ಕೋಲು ಬೀಸುತ್ತ ಒಂದೇ ಸಮನೆ ಚೀರುತ್ತಿದ್ದ: "ಓಡಬ್ಯಾಡ್ರೆವ್ವೋ! ಓಡಬ್ಯಾಡ್ರಿ!"

ಪುಣ್ಯಾತ್ಮ, ನಮ್ಮ ಜೀವಕ್ಕೆ ಎಷ್ಟು ಮರುಗುತ್ತಾನೆ ಅಂದುಕೊಂಡು ಒಂದು ಮೈಲಿಗಲ್ಲಿನ ಮೇಲೆ ಹತ್ತಿ ನಿಂತೆವು. ಮುದುಕ ಟಗರಿನ ಕೊಂಬು ಹಿಡಿದು, ಏದುಸಿರು ಬಿಡುತ್ತ ನಮ್ಮನ್ನೇ ಬೈದ:

"ಹಬ್ಬಕ್ಕ ಮಾರೋ ಟಗರು ಅದ! ಮೇಸಿ ಮೇಸಿ ಮೈ ತರಸೀನಿ. ನೀವು ಹಿಂಗ ಓಡಿಸಿದ್ರ ತೂಕ ಇಳಿಯಂಗಿಲ್ಲೇನು?"

೪. ಸುರಪುರದ ಸೋದರತ್ತೆ

ದಸರೆಗೆ ಟೀಚರ್ ತಮ್ಮ ಸೋದರತ್ತೆಯನ್ನು ನೋಡಲು ಸುರಪುರಕ್ಕೆ ಹೊರಟರು. "ನಾ ಒಬ್ಬಾಕಿನೇ ಹೋದ್ರ ಹೋಳಗಿ ಮುಂದ ಸೋಲ್ತೀನಿ, ನೀವು ಬರ್ರಿ" ಅಂತ ನನ್ನನ್ನೂ ಎಳೆದುಕೊಂಡು ಹೋದರು. ಬಸ್ಸಿನಲ್ಲೇ ಆಣೆ ಹಾಕಿಕೊಂಡೆವು: ಒಂದೇ ಹೋಳಿಗೆ.

ಅತ್ತೆಗೆ ಬೆನ್ನು ಬಾಗಿದೆ, ಕೋಲು ಹಿಡಿದು ನಡೆಯುತ್ತಾಳೆ. ಆದರೆ ಬಡಿಸಲು ನಿಂತರೆ ಪೈಲ್ವಾನಳು. ನಾವು ಒಂದು ತಿಂದು ಎಲೆ ಮೇಲೆ ಕೈ ಅಡ್ಡ ಹಿಡಿದೆವು. ಅತ್ತೆಯ ಮುಖ ಕಪ್ಪಿಟ್ಟಿತು.

"ನಾ ಸತ್ತ ಮ್ಯಾಲ ಬಂದು ಉಣ್ತೀರೇನು?"

"ಡಾಕ್ಟರ್ ಬ್ಯಾಡಂದಾರ ಅತ್ತಿ" ಅಂದರು ಟೀಚರ್.

"ಯಾವ ಡಾಕ್ಟರ್?"

ಟೀಚರ್ ಹೆಸರು ಹೇಳಿಬಿಟ್ಟರು. ಅಲ್ಲೇ ಎಡವಿದ್ದು. ಆ ಡಾಕ್ಟರಮ್ಮ ಹುಟ್ಟಿ ಬೆಳೆದದ್ದು ಅತ್ತೆಯ ಮನೆಯ ಎದುರಿಗೇ. "ಆಕಿಗಿ ಚಡ್ಡಿ ಹಾಕಾಕ ಕಲಿಸಿದಾಕಿ ನಾ! ಫೋನ್ ಹಚ್ಚು!" ಅಂದಳು ಅತ್ತೆ.

ಬೇಡವೆಂದರೂ ಬಿಡಲಿಲ್ಲ. ಫೋನು ಹಚ್ಚಿ ಸ್ಪೀಕರ್ ಹಾಕಿದೆವು. ಅತ್ತೆ ಕೋಲು ನೆಲಕ್ಕೆ ಕುಟ್ಟಿ ಕೇಳಿದಳು: "ಏನವ್ವಾ, ನಮ್ಮ ಮನಿ ಹುಡುಗಿಗಿ ಹೋಳಗಿ ತಿನಬ್ಯಾಡ ಅಂದೀಯಂತಲ್ಲ? ನೀ ನನ್ನ ಕೈಯಾಗ ಎಷ್ಟು ಹೋಳಗಿ ತಿಂದೀದಿ, ಎಲ್ಲರ ಮುಂದ ಹೇಳ್ಲೇನು?"

ಆ ಕಡೆಯಿಂದ ಡಾಕ್ಟರಮ್ಮ ಮೆಲ್ಲಗೆ ಅಂದರು: "ಆತು ಅಮ್ಮಾ. ಇನ್ನೊಂದು ತಿನ್ಲಿ. ಒಂದೇ ಮತ್ತ!"

ಅತ್ತೆ ಖುಷಿಯಿಂದ ಒಳಗೆ ಹೋದಳು. ತಿರುಗಿ ಬಂದಾಗ ಆಕೆಯ ಕೈಯಲ್ಲಿದ್ದ ಹೋಳಿಗೆ ತಟ್ಟೆಯ ಅಂಚು ದಾಟಿ ಸುತ್ತಲೂ ಜೋತು ಬಿದ್ದಿತ್ತು.

"ಒಂದು ಅಂದಾಳ," ಅಂದಳು ಅತ್ತೆ, "ಎಷ್ಟು ದೊಡ್ಡದು ಅಂತ ಹೇಳಿಲ್ಲ."

೫. ಕಡೇ ಹುಕ್ಕು

ದೀಪಾವಳಿ ಮುನ್ನಾ ದಿನ ಜಂಪರ್ ಹಾಕಿ ನೋಡಲು ಟೀಚರ್ ಬಂದರು. ಮುಖದಲ್ಲಿ ಕಳೆ ಬಂದಿತ್ತು. ಸಕ್ಕರೆ ಇಳಿದಿದೆ ಅಂತ ಡಾಕ್ಟರಮ್ಮ ಶಾಭಾಸ್ ಅಂದಿದ್ದರು. ಮೊಣಕಾಲು ನೋವಿನ ಮಾತೇ ಇರಲಿಲ್ಲ. ಆದರೆ ಖಣಕ್ಕೆ ಅದೆಲ್ಲ ಗೊತ್ತಾಗಬೇಕಲ್ಲ.

ಪರದೆ ಎಳೆದೆ. ಬೆನ್ನಿನ ಮೊದಲ ಹುಕ್ಕು ಕೂತಿತು. ಎರಡನೆಯದು ಕೂತಿತು. ಒಂದೊಂದಕ್ಕೂ ನಾವಿಬ್ಬರೂ ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉಳಿದದ್ದು ಕಡೇ ಹುಕ್ಕು ಒಂದೇ. ಅದು ಹತ್ತಿರ ಬರುತ್ತಿತ್ತು, ಕೂಡುತ್ತಿರಲಿಲ್ಲ.

"ಉಸಿರು ಪೂರಾ ಹೊರಗ ಬಿಡ್ರಿ."

ಬಿಟ್ಟರು. ಹುಕ್ಕು ಕೂತಿತು! ಕನ್ನಡಿಯಲ್ಲಿ ಆ ದಾಳಿಂಬೆ ಬಣ್ಣ ನೋಡಿ ಟೀಚರ್ ಕಣ್ಣು ತುಂಬಿದವು. ತುಟಿ ಅಲ್ಲಾಡಿದವು, ಮಾತು ಬರಲಿಲ್ಲ. ಅವ್ವನ ನೆನಪಾಯಿತೇನೋ ಅಂತ ನನ್ನ ಕಣ್ಣೂ ಒದ್ದೆಯಾದವು.

ಟೀಚರ್ ಕೈಸನ್ನೆ ಮಾಡಿ ಕಷ್ಟದಿಂದ ಉಸುರಿದರು: "ಅಕ್ಕಾ... ಈಗ ಉಸಿರು ಒಳಗ ಯಾವಾಗ ತಗೋಬೇಕು?"

೬. ಆರತಿ

ಇನ್ನೊಂದು ಬಣ್ಣದ ಬಟ್ಟೆ ಸೇರಿಸಿ ಸಡಿಲ ಮಾಡಿಕೊಡುತ್ತೇನೆ ಅಂದರೆ ಟೀಚರ್ ಒಪ್ಪಲಿಲ್ಲ. "ಸೂಜಿ ದಾರ ತಗೊಂಡು ನೀವೇ ನನ್ನ ಜೊತಿಗಿ ಬರ್ರಿ" ಅಂದರು. ಹಾಗಾಗಿ ಮರುದಿನ ಸಂಜೆ ಯಾದಗಿರಿಯ ಆ ಅಡತಿ ಅಂಗಡಿಯಲ್ಲಿ, ಹತ್ತಿ ಮೂಟೆಗಳ ನಡುವೆ, ಟೀಚರ್ ಬೆನ್ನ ಹಿಂದೆಯೇ ನಾನು ನಿಂತಿದ್ದೆ. ಸುರಪುರದ ಅತ್ತೆಯೂ ಬಂದಿದ್ದಳು. ಬಂಧು ಬಳಗ, ವ್ಯಾಪಾರಸ್ಥರು, ಹಮಾಲರು ಎಲ್ಲ ನೆರೆದಿದ್ದರು. ಅಂಗಡಿ ತುಂಬ ದೀಪ, ಮೇಲೆ ಜಗಮಗ ಲೈಟಿನ ಸರ.

ಟೀಚರ ತಮ್ಮ ಬೆರಗಾಗಿ ಅಕ್ಕನನ್ನು ನೋಡಿದ. "ಅಕ್ಕಾ, ಭಾಳ ಇಳದೀಯಲ್ಲ!" ಅಂದ. ಟೀಚರ್ ನಕ್ಕರಷ್ಟೇ. ಉತ್ತರ ಹೇಳುವಷ್ಟು ಗಾಳಿ ಅವರ ಹತ್ತಿರ ಇರಲಿಲ್ಲ.

ಆರತಿ ಶುರುವಾಯಿತು. ಟೀಚರ್ ತಟ್ಟೆ ಮೇಲೆತ್ತಿದರು. ಖಣ ಬೆನ್ನಿಗೆ ಬಿಗಿದು ಹೊಲಿಗೆಯ ಒಂದೊಂದು ದಾರವೂ ನನಗೆ ಕಂಡಿತು. ಒಂದು ಸುತ್ತು. ಎರಡು ಸುತ್ತು. ಪಟಾಕಿ ಹೊಗೆ ಒಳಗೆ ನುಗ್ಗಿತು. ಟೀಚರ್ ಮೂಗು ಅರಳಿತು. ಸೀನು! ದೇವರೇ, ಸೀನು ಬರಬಾರದು. ನಾನು ಸೆರಗು ಹಿಡಿದುಕೊಂಡು ಸಿದ್ಧಳಾದೆ. ಸೀನು ಬಂದು, ಬಾಗಿಲಲ್ಲಿ ನಿಂತು, ತಿರುಗಿ ಹೋಯಿತು. ಆರತಿ ಮುಗಿಯಿತು. ಹೊಸ ಪ್ಯಾಂಟು, ಹೊಸ ಅಂಗಿ ತೊಟ್ಟಿದ್ದ ತಮ್ಮನು ಅಕ್ಕನ ಕಾಲು ಮುಟ್ಟಲು ಬಗ್ಗಿದ.

ಪರ್ರ್ ಅಂತ ಸಪ್ಪಳ.

ಎಲ್ಲರೂ ಟೀಚರ್ ಕಡೆ ನೋಡಿದರು. ಟೀಚರ್ ಕಲ್ಲಾಗಿ ನಿಂತರು. ನಾನು ಗಾಬರಿಯಾಗಿ ಅವರ ಬೆನ್ನು ತಡವಿದೆ. ಹುಕ್ಕು ಎಲ್ಲ ನೆಟ್ಟಗಿದ್ದವು. ಹೊಲಿಗೆ ಗಟ್ಟಿಯಾಗಿತ್ತು. ತಡೆಯಲಾರದೆ ಕೂಗಿಬಿಟ್ಟೆ: "ನಂದಲ್ಲರಿ! ನನ್ನ ಹೊಲಿಗಿ ಅಲ್ಲ!"

ಆಗ ಎಲ್ಲರಿಗೂ ತಿಳಿಯಿತು, ಬಗ್ಗಿದ ತಮ್ಮ ಇನ್ನೂ ಮೇಲೆದ್ದಿಲ್ಲ ಅಂತ.

"ಸಾಕೇಳಪ್ಪಾ, ಆಶೀರ್ವಾದ ಆತು" ಅಂದಳು ಅತ್ತೆ.

"ಇರ್ಲಿ ಅತ್ತಿ," ನೆಲದ ಕಡೆಯಿಂದ ಉತ್ತರ ಬಂತು, "ಅಕ್ಕ ದೊಡ್ಡಾಕಿ."

ಟೀಚರಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಹುಕ್ಕು ಹೋಗುತ್ತದೆ ಅಂತ ನನ್ನ ಭುಜ ಹಿಡಿದುಕೊಂಡು ನಡುಗಿದರು. "ತಂಗಿ, ನಿನ್ನ ಹಂತ್ಯಾಕ ಸೂಜಿ ಅದಲ್ಲ, ಹೊಲಿ ಅವಂದು" ಅಂದಳು ಅತ್ತೆ. "ನಮ್ಮದು ಬರೇ ಲೇಡೀಸ್ ಟೇಲರ್ ರೀ" ಅಂದೆ ನಾನು. ಅತ್ತೆ ಕೋಲಿನಿಂದ ಅವನ ಬೆನ್ನು ತಿವಿದಳು. "ಏ, ಏಳೋ! ಮಂದಿ ಪ್ರಸಾದಕ್ಕ ಕಾದಾರ!"

ತಲೆ ಎತ್ತದೆ ತಮ್ಮ ಗೋಗರೆದ: "ಏಳ್ತೀನಿ ಅತ್ತಿ, ಏಳ್ತೀನಿ. ಮೊದಲ ಎಲ್ಲಾ ಲೈಟ್ ಆರಸ್ರಿ!"

ದೀಪಾವಳಿಯ ದಿನ, ಲಕ್ಷ್ಮಿಯ ಎದುರಿಗೇ, ದೀಪ ಆರಿಸಿರಿ ಅಂತ ಕೈಮುಗಿದು ಬೇಡಿಕೊಂಡ ವ್ಯಾಪಾರಿಯನ್ನು ನಾನು ನೋಡಿದ್ದು ಅವನೊಬ್ಬನನ್ನೇ.