ಗುಳಿಗೆಯ ಕೋರ್ಸು ಮತ್ತು ಹೊಸ ಚಿಲಕ

ಕೆಲವರಿಗೆ ಚಿನ್ನದ ಹೆಮ್ಮೆ, ಕೆಲವರಿಗೆ ಮಕ್ಕಳ ಹೆಮ್ಮೆ. ನನ್ನ ಹೆಮ್ಮೆ ಮೂತ್ರಕೋಶದ್ದು. ನಾಗಪುರದ ಶಾಲೆಯೊಂದರಲ್ಲಿ ಗಣಿತ ಕಲಿಸುವ ನಾನು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮನೆಗೆ ಬಂದ ಮೇಲೆಯೇ ಬಚ್ಚಲಿನ ಮುಖ ನೋಡುವವಳು. ಶಾಲೆಯ ಶೌಚಾಲಯಕ್ಕೆ ಚಿಲಕವಿರಲಿಲ್ಲ, ಹೋಗಬೇಕಾದರೆ ಹೊರಗೆ ಯಾರನ್ನಾದರೂ ಕಾವಲು ನಿಲ್ಲಿಸಬೇಕು. ಹಾಗಾಗಿ ನೀರು ಕುಡಿಯದಿರುವುದೇ ನಮ್ಮ ಸ್ಟಾಫ್‌ರೂಮಿನ ಶಿಸ್ತು. ಸುಡುಬಿಸಿಲಿನಲ್ಲೂ ನಾನು ಬಾಟಲಿ ತುಂಬಿ ಒಯ್ದು, ತುಂಬಿದಂತೆಯೇ ತಂದು ತುಳಸಿಗೆ ಹಾಕುತ್ತಿದ್ದೆ. ತುಳಸಿ ಚೆನ್ನಾಗಿಯೇ ಇತ್ತು.

ಕೆಟ್ಟದ್ದು ನನ್ನ ಆರೋಗ್ಯ. ಉರಿ ಶುರುವಾದಾಗ ನಮ್ಮ ಮನೆಯವರು, "ಉಷ್ಣ ಆಗೇತಿ, ಕೊತ್ತಂಬರಿ ಬೀಜದ ನೀರು ಕುಡಿ" ಅಂದರು. ಕುಡಿದೆ. ಚಳಿಜ್ವರವೂ ಬಂತು. ಸದರ್ ಬಡಾವಣೆಯ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಮೂತ್ರದ ಸೋಂಕು ಎಂದು ಗುಳಿಗೆ ಬರೆದರು. ಕೋರ್ಸು ಪೂರ್ತಿ ಮುಗಿಸಬೇಕು, ನೀರು ಕುಡಿಯಬೇಕು, ತಡೆದುಕೊಳ್ಳಬಾರದು, ಇಲ್ಲದಿದ್ದರೆ ಕಿಡ್ನಿಗೆ ಏರೀತು ಎಂದು ಗದರಿದರು.

ಗುಳಿಗೆ ಶುರುವಾದ ಮೇಲೆ ಉರಿ ಬೇಗನೇ ಇಳಿಯಿತು. ಕೂಡಲೇ ನಮ್ಮವರು ಡಬ್ಬಿ ಹಿಡಿದು ಬಂದರು. ಯಾರದೇ ಕಾಯಿಲೆ ವಾಸಿಯಾಗಲಿ, ಉಳಿದ ಗುಳಿಗೆ ಆ ಡಬ್ಬಿಗೆ ಸೇರಬೇಕೆಂಬುದು ನಮ್ಮ ಮನೆತನದ ಪದ್ಧತಿ.

"ಆರಾಮ ಆತಲ್ಲ? ಉಳಿದವು ಇರ್ಲಿ. ಊರಿಂದ ಯಾರರ ಬಂದ್ರ ಬೇಕಾಗ್ತಾವ."

"ಬಂದವ್ರಿಗೆ ಚಹಾ ಕೊಡ್ರಿ. ಇವು ನನ್ನವು" ಅಂದೆ.

ಕೊನೆಯ ಗುಳಿಗೆಯನ್ನು ಅವರೆದುರಿಗೇ ನುಂಗಿದೆ. ಆ ದಿನಗಳಲ್ಲಿ ಪಾಠದ ನಡುವೆ, ತ್ರಿಕೋನವನ್ನು ಎರಡೇ ಗೆರೆಗೆ ಬಿಟ್ಟು ಎದ್ದು ಹೋಗುತ್ತಿದ್ದೆ. ನಾಚಿಕೆ ಒಂದು ಕಡೆ, ಪ್ರತಿಸಲ ಕಾವಲಿಗೆ ಯಾರನ್ನಾದರೂ ಹುಡುಕುವ ಕಾಟ ಇನ್ನೊಂದು ಕಡೆ. ಸಿಟ್ಟು ಬಂದು ಮುಖ್ಯೋಪಾಧ್ಯಾಯರ ಕೋಣೆಗೆ ನುಗ್ಗಿದೆ. ಚಿಲಕ ಹಾಕಿಸುವ ಮಾತು ಪಡೆದೇ ಹೊರಬಂದೆ, ಮರುದಿನವೇ ಚಿಲಕ ಬಂತು. ಜ್ವರ ಮತ್ತೆ ಬರಲಿಲ್ಲ. ಮತ್ತೆ ಮಾಡಿಸಿದ ಮೂತ್ರ ಪರೀಕ್ಷೆಯಲ್ಲೂ ಎಲ್ಲ ಸರಿಯಿತ್ತು. ಹೆಮ್ಮೆ ತಡೆಯಲಾಗಲಿಲ್ಲ.

ಸ್ಟಾಫ್‌ರೂಮಿನಲ್ಲಿ ಭಾಷಣ ಶುರು ಮಾಡಿದೆ. ಅರ್ಧಕ್ಕೆ ಗುಳಿಗೆ ಬಿಡಬಾರದು, ನೀರಿಗೆ ಹೆದರಬಾರದು, ತಡೆದುಕೊಳ್ಳುವುದು ಶಿಸ್ತಲ್ಲ, ಮೂರ್ಖತನ. ಎಲ್ಲರೂ ಕೇಳುತ್ತಿದ್ದರು, ನಿಲ್ಲಿಸಲು ಮನಸ್ಸು ಬರಲಿಲ್ಲ. ವಿಜಯಪುರದ ಕಡೆಯ ಕುಲಕರ್ಣಿ ಬಾಯಾರು ಮೆಲ್ಲಗೆ ನನ್ನ ಸೆರಗು ಜಗ್ಗಿದರು.

"ಭಾಷಣ ಛಲೋ ಐತ್ರಿ ಬಾಯಾರ. ಆದ್ರ ಆಗಿಂದ ಕಾಲಿಗೆ ಕಾಲು ಒತ್ತಿ ಹಿಡಕೊಂಡು ನಿಂತೀರಿ. ಚಿಲಕ ಹೊಸಾದೈತಿ, ಮೊದಲ ಹೋಗಿ ಬರ್ರಿ."

ಹೋದೆ. ಓಡಲಿಲ್ಲ ಎಂಬುದಷ್ಟೇ ಈಗ ಉಳಿದಿರುವ ಹೆಮ್ಮೆ.