ಆಪ್ತ ಸಮಾಲೋಚನಾ ಕೊಠಡಿಯಲ್ಲಿ ಅವರೆಕಾಯಿ ಬಿಡಿಸುವ ಕುರಿತು

ಸಂಖ್ಯೆ: ಮನೋ/ಮಾಗಡಿ/ಸೊಗಡು/ಅವರೆ-ಹಂಗಾಮು
ದಿನಾಂಕ: ಸುಗ್ಗಿ ಮುಗಿಯುವುದರೊಳಗೆ

ಸುತ್ತೋಲೆ

ವಿಷಯ: ಮನಸ್ಸು ಬಿಚ್ಚಲು ಬರುವ ಸಾರ್ವಜನಿಕರ ಕೈಗೆ ಅವರೆಕಾಯಿ ಒದಗಿಸುವ ಬಗ್ಗೆ.

ಉಲ್ಲೇಖ: ೧) ಮಾಗಡಿ ಕೇಂದ್ರದ ಕೊಠಡಿಯಲ್ಲಿ ಸಿಪ್ಪೆ ಕಂಡುಬಂದ ಬಗ್ಗೆ ಲೆಕ್ಕ ತಪಾಸಣೆಯವರ ಆಕ್ಷೇಪಣೆ.
೨) ಸದರಿ ಸಿಪ್ಪೆಯನ್ನು ಪಕ್ಕದ ಮನೆಯ ಮೇಕೆ ತಿಂದು ಆಕ್ಷೇಪಣೆಯನ್ನು ನಿರಾಧಾರಗೊಳಿಸಿದ ಬಗ್ಗೆ ಜವಾನರ ವರದಿ.

ಪ್ರಸ್ತಾವನೆ:

ಗುಡೇಮಾರನಹಳ್ಳಿಯ ಯಲ್ಲಮ್ಮ ಎಂಬುವರು ಸೋಬಾನೆ ಹಾಡುವುದರಲ್ಲಿ ಸುತ್ತಲ ಊರುಗಳಿಗೆಲ್ಲ ಹೆಸರಾದವರು. ಅವರು ದನಿ ತೆಗೆಯದೆ ಆ ಭಾಗದಲ್ಲಿ ಮದುವೆಹೆಣ್ಣಿಗೆ ಅರಿಶಿನ ಹಚ್ಚಿದ ಉದಾಹರಣೆ ಇಲಾಖೆಗೆ ಲಭ್ಯವಾಗಿರುವುದಿಲ್ಲ. ಹೀಗಿರಲಾಗಿ, ಕುದೂರಿನ ಛತ್ರವೊಂದರಲ್ಲಿ ಹಾಡು ಅರ್ಧಕ್ಕೆ ಬಂದಿದ್ದಾಗ, ಅವರ ಅಕ್ಕನ ಮಗ ಪುನೀತ್ ಎಂಬಾತ ಅವರ ಕೈಯಿಂದ ಮೈಕ್ ಕಿತ್ತು ಡಿ.ಜೆ.ಯವರ ಕೈಗೆ ಕೊಟ್ಟಿರುತ್ತಾನೆ. ನೆರೆದವರು ನಕ್ಕಿರುತ್ತಾರೆ. ಯಲ್ಲಮ್ಮನವರೂ ನಕ್ಕಿರುತ್ತಾರೆ. ಊರಿಗೆ ಬಂದ ಮೇಲೆ ಮಾತ್ರ ಅವರು ಹಾಡುವುದನ್ನು ಬಿಟ್ಟು, ಬರಬರುತ್ತಾ ಮಾತನ್ನೂ ಬಿಟ್ಟಿರುತ್ತಾರೆ. ಹಸುವಿನೊಂದಿಗೆ ಸಹ ಸನ್ನೆಯಲ್ಲೇ ವ್ಯವಹರಿಸುತ್ತಿದ್ದರೆಂದು ತಿಳಿದುಬಂದಿರುತ್ತದೆ.

ಗಂಟಲಿನಲ್ಲಿ ದೋಷವಿಲ್ಲವೆಂದು ವೈದ್ಯರು ಹೇಳಿದ್ದರಿಂದ, ಪುನೀತನೇ ಅವರನ್ನು ಬೈಕಿನಲ್ಲಿ ಕೂರಿಸಿಕೊಂಡು ಮಾಗಡಿ ಕೇಂದ್ರಕ್ಕೆ ಕರೆತಂದಿರುತ್ತಾನೆ. ಅಲ್ಲಿನ ಆಪ್ತ ಸಮಾಲೋಚಕಿ ಶ್ರೀಮತಿ ಸುಮನಾರವರು ಕೈಪಿಡಿಯ ಪ್ರಕಾರ, ದುಃಖಕ್ಕೆ ಒಂದರಿಂದ ಹತ್ತರೊಳಗೆ ಅಂಕ ನೀಡುವಂತೆ ಕೋರಿರುತ್ತಾರೆ. ಯಲ್ಲಮ್ಮನವರು ತಮ್ಮ ಹತ್ತೂ ಬೆರಳುಗಳನ್ನು ನೋಡಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಿರುತ್ತಾರೆ. ಕಣ್ಣು ಮುಚ್ಚಿ ಸಮುದ್ರ ತೀರವನ್ನು ಕಲ್ಪಿಸಿಕೊಳ್ಳಲು ತಿಳಿಸಲಾಗಿರುತ್ತದೆ. ಸಮುದ್ರವನ್ನು ಕಾಣದ ಯಲ್ಲಮ್ಮನವರು ಮಂಚನಬೆಲೆ ಅಣೆಕಟ್ಟೆಯ ನೀರನ್ನು ಕಲ್ಪಿಸಿಕೊಂಡು, ಮೋಡ ಕವಿದಂತೆ ಕಂಡಿದ್ದರಿಂದ, ಮನೆ ಮುಂದೆ ಒಣಹಾಕಿದ ಬಟ್ಟೆಯ ಚಿಂತೆಗೆ ಬಿದ್ದಿದ್ದರೆಂದು ನಂತರ ತಿಳಿದುಬಂದಿರುತ್ತದೆ.

ಮುಂದೊಂದು ದಿನ ಸುಮನಾರವರ ಮನೆಗೆ ನೆಂಟರು ಬರುವವರಿದ್ದು, ಬಿಡುವಿನಲ್ಲಿ ಬಿಡಿಸಿಕೊಳ್ಳೋಣವೆಂದು ಅವರು ಒಂದು ಚೀಲ ಅವರೆಕಾಯಿಯನ್ನು ಕಚೇರಿಗೆ ತಂದಿರುತ್ತಾರೆ. ಬೇಗನೆ ಬಂದ ಯಲ್ಲಮ್ಮನವರು ಸ್ವಲ್ಪ ಹೊತ್ತು ನೋಡಿ, ನೆಲದ ಮೇಲೆ ಕುಳಿತು, ತಮ್ಮ ಮಡಿಲಿಗೂ ಒಂದು ಬೊಗಸೆ ಎಳೆದುಕೊಂಡಿರುತ್ತಾರೆ. ಕೊಠಡಿಯಲ್ಲೆಲ್ಲ ಸೊಗಡು ಎದ್ದಿರುತ್ತದೆ. ಸುಮನಾರವರು ಏನನ್ನೂ ಕೇಳಿರುವುದಿಲ್ಲ. ಕೇಳಲು ನೆನಪೂ ಆಗಿರುವುದಿಲ್ಲ. ಆಗ ಯಲ್ಲಮ್ಮನವರು ಕಾಯಿಯಿಂದ ಕಣ್ಣೆತ್ತದೆ ಈ ಕೆಳಕಂಡಂತೆ ನುಡಿದಿರುತ್ತಾರೆ:

"ಕೇಳಿದ್ರೆ ನಾನೇ ಕೊಟ್‌ಬುಡ್ತಿದ್ದೆ ಕಣವ್ವ. ಕಿತ್ಕಂಬುಟ್ಟ."

ಬಹಳ ಕಾಲದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಅಲ್ಲಿಗೆ ಒಂದಿಷ್ಟು ಜರುಗಿದಂತಾಯಿತೆಂದು ಸದರಿಯವರು ನಂತರ ತಿಳಿಸಿರುತ್ತಾರೆ. ಎತ್ತಿಕೊಂಡು ಆಡಿಸಿದ ಮಗು, ತನ್ನ ಹಾಡು ಕೇಳಿಯೇ ನಿದ್ದೆ ಹೋಗುತ್ತಿದ್ದ ಮಗು, ಅದೇ ಹೀಗೆ ಮಾಡಿದ್ದು ಎಂಬುದು ಅವರ ಅಳಲಿನ ಸಾರಾಂಶ. ಅಷ್ಟರಲ್ಲಿ ತಮ್ಮ ಸರದಿಗೆ ಕಾದಿದ್ದ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮಜೀದಾರವರೂ ಬಂದು ಕುಳಿತು, ಅನುಮತಿ ಪಡೆಯದೆ ಬಿಡಿಸತೊಡಗಿರುತ್ತಾರೆ. ಎಲ್ಲವನ್ನೂ ಕೇಳಿಸಿಕೊಂಡು ಅವರು, "ಹಾಡು ಎಲ್ಲಿಗೆ ನಿಂತೋಯ್ತು ಅಕ್ಕ? ಅಲ್ಲಿಂದ್ಲೇ ಹೇಳಿ" ಎಂದಿರುತ್ತಾರೆ.

ಯಲ್ಲಮ್ಮನವರು ಅಲ್ಲಿಂದಲೇ ಹೇಳಿರುತ್ತಾರೆ. ಮೊದಲ ಸಾಲಿನಲ್ಲಿ ದನಿ ಬಿರಿದಿರುತ್ತದೆ, ಎರಡನೆಯದರಲ್ಲಿ ಏರಿರುತ್ತದೆ. ಪಕ್ಕದ ಪಿಂಚಣಿ ಶಾಖೆಯಲ್ಲಿ ಬೆರಳಚ್ಚು ನಿಂತಿರುತ್ತದೆ.

ಕರೆದೊಯ್ಯಲು ಬಂದ ಪುನೀತ್ ಬಾಗಿಲಲ್ಲೇ ನಿಂತು ಹಾಡು ಮುಗಿಯುವವರೆಗೆ ಕಾದಿರುತ್ತಾನೆ. ಆಮೇಲೆ ಒಳಬಂದು, "ತಪ್ಪಾಯ್ತು ಕಣ್ ಚಿಗವ್ವ" ಎಂದಿರುತ್ತಾನೆ. ಇಂತಹ ಸಂದರ್ಭದಲ್ಲಿ ಹೆಂಗಸರು 'ಹೋಗ್ಲಿ ಬಿಡು' ಎನ್ನುವುದು ವಾಡಿಕೆ. ಯಲ್ಲಮ್ಮನವರು ಹಾಗೆ ಅಂದಿರುವುದಿಲ್ಲ.

"ಹೂಂ, ತಪ್ಪೇಯ. ಇನ್ಮ್ಯಾಕೆ ನಾನ್ ಹಾಡೋವಾಗ ನನ್ ಕೈ ಮುಟ್ಬ್ಯಾಡ. ಈಗ್ ಕುಂತ್ಕೊ."

ಆತ ಕುಳಿತಿರುತ್ತಾನೆ.

ಮೇಲ್ಕಂಡ ಎಲ್ಲಾ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಜಿಲ್ಲೆಯ ಎಲ್ಲಾ ತಾಲ್ಲೂಕುಗಳ ಕೇಂದ್ರಗಳಿಗೆ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

೧. ಅವರೆಕಾಯಿಯನ್ನು ಇನ್ನು ಮುಂದೆ ತರಕಾರಿ ಎಂದು ಪರಿಗಣಿಸದೆ ಉಪಕರಣ ಎಂದು ಪರಿಗಣಿಸತಕ್ಕದ್ದು. ಸಂಜೆ ಅದನ್ನು ಮನೆಗೊಯ್ದು ಸಾರು ಮಾಡಿದಲ್ಲಿ 'ಉಪಕರಣದ ವಾರ್ಷಿಕ ನಿರ್ವಹಣೆ' ಎಂದು ನಮೂದಿಸತಕ್ಕದ್ದು.

೨. ದುಃಖಕ್ಕೆ ಅಂಕ ಕೇಳುವ ಪದ್ಧತಿಯನ್ನು ರದ್ದುಪಡಿಸಿದೆ. ಬದಲಿಗೆ 'ಒಸಿ', 'ಒಸಿ ಜಾಸ್ತಿ' ಮತ್ತು 'ತಡ್ಕಳಕ್ಕಾಗಕಿಲ್ಲ' ಎಂಬ ಶ್ರೇಣಿಗಳು ಜಾರಿಗೆ ಬರತಕ್ಕದ್ದು. 'ಏನೋ ಒಂಥರಾ' ಎಂದವರಿಗೆ ಕಾಫಿ ಕೊಟ್ಟು ಮರುಪರಿಶೀಲಿಸತಕ್ಕದ್ದು.

೩. ಯಾರನ್ನೂ ಸಮುದ್ರ ತೀರಕ್ಕೆ ಕಳುಹಿಸತಕ್ಕದ್ದಲ್ಲ. ಅವರವರ ಊರಿನ ಕೆರೆಯೇ ಸಾಕು. ಒಣಹಾಕಿದ ಬಟ್ಟೆ ಒಳಗೆ ಬಂದಿರುವುದನ್ನು ಖಚಿತಪಡಿಸಿಕೊಂಡ ನಂತರವೇ ಕಣ್ಣು ಮುಚ್ಚಿಸತಕ್ಕದ್ದು.

೪. ಕಾಯಿಯೊಳಗಿನ ಹುಳು ಗೋಪ್ಯ ಮಾತುಗಳನ್ನು ಕೇಳಿಸಿಕೊಂಡಿರುವ ಸಂಭವವಿರುವುದರಿಂದ, ಅದಕ್ಕೆ ಗೋಪ್ಯತೆಯ ಪ್ರಮಾಣ ಬೋಧಿಸದೆ ಹೊರಗೆ ಬಿಡತಕ್ಕದ್ದಲ್ಲ.

೫. ಅವರೆಯ ಬದಲು ಬೊಂಬೆಗೆ ಬಣ್ಣ ಹಚ್ಚಿಸಲು ಚನ್ನಪಟ್ಟಣ ಕೇಂದ್ರದವರು ಕೋರಿದ ಅನುಮತಿಯನ್ನು ನೀಡಲಾಗಿದೆ. ಬೊಂಬೆ ತಲೆಯಾಡಿಸಿದಲ್ಲಿ ಅದನ್ನು ತಜ್ಞರ ಅಭಿಪ್ರಾಯವೆಂದು ಭಾವಿಸತಕ್ಕದ್ದಲ್ಲ.

೬. ಯಾರಾದರೂ ಹಾಡುತ್ತಿರುವಾಗ ಸಮಯವಾಯಿತೆಂದು ಎಬ್ಬಿಸತಕ್ಕದ್ದಲ್ಲ. ಕಚೇರಿ ಮುಚ್ಚುವ ವೇಳೆ ಹಾಡು ಮುಗಿದ ನಂತರ ಆಗತಕ್ಕದ್ದು.

ಸಹಿ/-
(ಮುನಿಶಾಮಯ್ಯ)
ಉಪ ನಿರ್ದೇಶಕರು (ಮನಸ್ಸು ಮತ್ತು ಇತರೆ)

ಪ್ರತಿಗಳು:
೧. ಲೆಕ್ಕ ತಪಾಸಣಾ ಶಾಖೆ: ಹಿತಕಿದ ಬೇಳೆಯ ಮಾದರಿಯೊಂದಿಗೆ, ಬಿಸಿಯಿರುವಾಗಲೇ.
೨. ಮೇಕೆಯ ಮಾಲೀಕರು: ಮಾಹಿತಿಗಾಗಿ.
೩. ಪಿಂಚಣಿ ಶಾಖೆ: ಗೋಡೆಗೆ ಕಿವಿ ಕೊಡುವುದನ್ನು ಬಿಟ್ಟು ಒಳಗೆ ಬಂದು ಕೂರಲು.
೪. ಶ್ರೀಮತಿ ಯಲ್ಲಮ್ಮ, ಗುಡೇಮಾರನಹಳ್ಳಿ: ಓದಿ ಹೇಳಲು ಪುನೀತನಿಗೆ ಸೂಚಿಸಲಾಗಿದೆ, ನಡುವೆ ಬಾಯಿ ಹಾಕುವ ಹಕ್ಕನ್ನು ಯಲ್ಲಮ್ಮನವರಿಗೆ ಕಾಯ್ದಿರಿಸಲಾಗಿದೆ.